ನಾಲ್ಕು ಬಕೆಟ್ ಬಿಸಿನೀರು

ಗಾಳಿಯ ಶಾಖದಿಂದ ನೀರು ಕಾಯಿಸುವ ಹೀಟ್ ಪಂಪ್ ಮಾರಲು ಬಂದವನ ಮುಂದೆ ಮನೆ ಯಜಮಾನ ತನ್ನ ನೋಟ್‌ಬುಕ್ ಎಸೆದ.

“ಎರಡು ವರ್ಷದ ಲೆಕ್ಕ ಇದೆ, ನೋಡ್ಕೊಳ್ಳಿ. ದಿನಕ್ಕೆ ನಾಲ್ಕೇ ಬಕೆಟ್ ಬಿಸಿನೀರು. ಅಪ್ಪ, ಅಮ್ಮ, ಮಗ, ನಾನು. ನಾಲ್ಕನೇದು ತುಂಬಿದ ತಕ್ಷಣ ನಾನೇ ಗೀಸರ್ ಆಫ್ ಮಾಡ್ತೀನಿ. ಇಷ್ಟಕ್ಕೆ ನಿಮ್ಮ ಪಂಪು, ಬಿಸಿನೀರು ಕೂಡಿಡೋಕೆ ಮುನ್ನೂರು ಲೀಟರ್ ಟ್ಯಾಂಕು! ಹಾಕಿದ ದುಡ್ಡು ವಾಪಸ್ ಬರೋಕೆ ಹದಿನಾಲ್ಕು ವರ್ಷ ಬೇಕು. ಅಷ್ಟೊತ್ತಿಗೆ ನಿಮ್ಮ ಟ್ಯಾಂಕು ತುಕ್ಕು ಹಿಡಿದಿರುತ್ತೆ.”

ಬಂದವನು ನೋಟ್‌ಬುಕ್ಕಿನೊಳಗಿದ್ದ ಕರೆಂಟ್ ಬಿಲ್ ನೋಡಿದ. “ಸರ್, ನಾಲ್ಕು ಬಕೆಟ್ಟಿಗೆ ಇಷ್ಟು ಯೂನಿಟ್ ಓಡಲ್ಲ. ಮೇಡಂ ಸ್ನಾನ ಬರೆದೇ ಇಲ್ವಲ್ಲ?”

“ಅವಳಿಗೆ ತಣ್ಣೀರೇ ಅಭ್ಯಾಸ. ಕೆಲಸ ಎಲ್ಲ ಮುಗಿಸಿ ಕೊನೇಲಿ ಮಾಡ್ತಾಳೆ. ಎಲ್ಲೂ ಹೋಗಲ್ಲ, ಬರಲ್ಲ, ಅವಳಿಗ್ಯಾಕ್ರೀ ಬಿಸಿನೀರು?” ಯಜಮಾನ ನಕ್ಕ. “ಆ ದರಿದ್ರ ಗೀಸರ್ರೇ ಕರೆಂಟ್ ತಿಂತಿರೋದು. ಮೊದಲು ಅದನ್ನ ಕಿತ್ತು ಬಿಸಾಕ್ಬೇಕು.”

ಹೆಂಡತಿ ಕಾಫಿ ಲೋಟಗಳನ್ನು ಮೇಜಿನ ಮೇಲಿಟ್ಟು ಬಂದವನ ಕಡೆ ತಿರುಗಿದಳು.

“ಗೀಸರ್ ಚೆನ್ನಾಗೇ ಇದೆ. ಇವರು ಆಫೀಸಿಗೆ ಹೋದ ಮೇಲೆ ನಾನು ಮತ್ತೆ ಹಾಕ್ತೀನಿ. ನನ್ನ ಸ್ನಾನಕ್ಕೆ ಆರು ಬಕೆಟ್ ಅಂತ ಬರ್ಕೊಳ್ಳಿ.”