ಅಜ್ಜಿಯ ದೋಣಿ ಸವಾರಿ

ಎಣ್ಣೆ ಬೆರೆತ ಪೆಟ್ರೋಲಿನ ವಾಸನೆ ಬಂದರೆ ಈಗಲೂ ಹೆಬ್ಬಾಳ ಕೆರೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಅಲ್ಲಿ ಮೋಟಾರು ದೋಣಿ ಓಡಿಸುತ್ತಿದ್ದರು. ನೀರೆಂದರೆ ಹೆದರುವ ಅಜ್ಜಿ ಅಂದು ಮೊದಲ ಸಲ ದೋಣಿ ಹತ್ತಿ, ಬಳೆಗಳು ಒತ್ತುವಷ್ಟು ಬಿಗಿಯಾಗಿ ನನ್ನ ತೋಳು ಹಿಡಿದಿದ್ದರು.

"ನಿಧಾನ, ಅಳಿಯಂದ್ರೇ, ಇನ್ನೂ ನಿಧಾನ!"

ಅತ್ತೆಯ ಮಾತು ಮೀರಲಾಗದೆ ಅಪ್ಪ ದೋಣಿಯನ್ನು ತೆವಳಿಸಿದರು. ಕೆರೆಯ ನಡುವೆ ಎಂಜಿನ್ ಕೆಮ್ಮಿ ನಿಂತಿತು. ಅಪ್ಪ ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಿದರು. ತುದಿಯೆಲ್ಲ ಜಿಡ್ಡು ಮಸಿ.

"ಬರೀ ನಿಧಾನಕ್ಕೆ ಓಡಿಸಿದ್ರೆ ಹಿಂಗೇ ಅತ್ತೆ. ಆಗಾಗ ಜೋರಾಗಿ ಬಿಟ್ರೆ ಮಸಿ ಕಟ್ಟಲ್ಲ."

ಅಜ್ಜಿ ಕಣ್ಣು ಮುಚ್ಚಿ, "ಹಂಗಾದ್ರೆ ಜೋರಾಗೇ ಬಿಡಿ" ಎಂದರು.

ಪ್ಲಗ್ ಒರೆಸಿ ಹಾಕಿದ ಮೇಲೆ ದೋಣಿ ನುಗ್ಗಿತು. ಅಜ್ಜಿಯ ಕಿರುಚಾಟ ಅರ್ಧದಾರಿಯಲ್ಲಿ ನಗುವಾಯಿತು. ದಡ ಬಂದರೂ ಅವರು ಏಳಲಿಲ್ಲ.

"ಇನ್ನೊಂದ್ ಸುತ್ತು ಹೋಗೋಣ ಅಳಿಯಂದ್ರೇ, ಮಸಿ ಇನ್ನೂ ಸ್ವಲ್ಪ ಇರ್ಬೋದು."