ತಿದ್ದಿದ ಸಾಲು

“ನೂರ ಹನ್ನೆರಡನೇ ಪುಟದಲ್ಲಿ ಒಂದು ತಪ್ಪಿತ್ತು ಕಣಮ್ಮ, ನಾನೇ ತಿದ್ದಿಬಿಟ್ಟೆ,” ಎಂದಳು ಡಿ.ಟಿ.ಪಿ. ಅಂಗಡಿಯಾಕೆ, ಕಂಪ್ಯೂಟರಿನಿಂದ ಕಣ್ಣು ಕೀಳದೆ. ಗುಬ್ಬಿ ಬಗ್ಗಿ ನೋಡಿದಳು. ಅವಳ ಮೊದಲ ಕಾದಂಬರಿಯ ಕೊನೆಯ ಕರಡು ಅದು. ಹಿರಿಮಗಳು ಮನೆಯಿಂದ ಹೊರಡುವ ಕಡೆ ‘ಹೋಗ್ತೀನಿ’ ಎಂದು ಬರೆದಿದ್ದಳು. ಈಗ ಅಲ್ಲಿ ‘ಹೋಗಿ ಬರ್ತೀನಿ’ ಎಂದಿತ್ತು.

“ಅದು ತಪ್ಪಲ್ಲ…” ಎಂದಳು ಗುಬ್ಬಿ.

“ಹೊರಗೆ ಹೊರಡೋವಾಗ ಯಾರಾದ್ರೂ ಹೋಗ್ತೀನಿ ಅಂತಾರಾ? ಬಾಯಿ ತಪ್ಪಿ ಅಂದ್ರೂ ಹೆತ್ತವಳು ಸುಮ್ನೆ ಬಿಡ್ತಾಳಾ? ಓದಿದವರು ನನ್ನನ್ನ ಬೈತಾರೆ, ಅಕ್ಷರ ಜೋಡಿಸಿದೋಳಿಗೆ ಅಷ್ಟೂ ಗೊತ್ತಾಗಲಿಲ್ವಾ ಅಂತ.” ಆಕೆ ಕನ್ನಡಕವನ್ನು ಹಣೆಗೇರಿಸಿದಳು. “ಬೇಕಾದ್ರೆ ನಿನ್ನ ಪ್ರಕಾಶಕರನ್ನ ಕೇಳು.”

“ಪ್ರಕಾಶಕಿ ನಾನೇ.”

“ಕರಡು ನೋಡೋರು?”

“ಅದೂ ನಾನೇ.”

“ಸರಿಹೋಯ್ತು. ಹಂಗಾದ್ರೆ ನಿನ್ನನ್ನ ನೀನೇ ಕೇಳ್ಕೊಂಡು ಸಂಜೆ ನಾಲ್ಕು ಗಂಟೆಯೊಳಗೆ ಫೋನ್ ಮಾಡು. ಆಮೇಲೆ ಪ್ರೆಸ್ಸಿಗೆ ಹೋಗುತ್ತೆ, ದೇವರು ಬಂದ್ರೂ ತಿದ್ದಕ್ಕಾಗಲ್ಲ.” ಆಕೆ ನಕ್ಕಳು. ಗುಬ್ಬಿಗೆ ನಗು ಬರಲಿಲ್ಲ. ಆ ಒಂದು ಪುಟವನ್ನು ಪ್ರಿಂಟ್ ಮಾಡಿಸಿ, ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು.

‘ಹೋಗ್ತೀನಿ’ ಎಂದಿದ್ದು ಅವಳ ಅಕ್ಕ, ಏಳು ವರ್ಷದ ಕೆಳಗೆ ಒಂದು ಬೆಳಗ್ಗೆ. ಸಂಜೆ ಅಕ್ಕ ಬರಲಿಲ್ಲ, ಆಸ್ಪತ್ರೆಯಿಂದ ಫೋನು ಬಂತು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅಮ್ಮ ಹೇಳುತ್ತ ಬಂದದ್ದು ಒಂದೇ: “ಹೋಗಿ ಬರ್ತೀನಿ ಅಂದಳು. ಹುಷಾರು ಕಣೇ ಅಂದೆ. ಅಷ್ಟೇ ನಾವಿಬ್ಬರೂ ಕೊನೇಲಿ ಆಡಿದ್ದು.” ಆ ಬೆಳಗ್ಗೆ ಕಿಟಕಿಯ ಪಕ್ಕ ದಿನಚರಿ ಬರೆಯುತ್ತ ಕೂತಿದ್ದ ಗುಬ್ಬಿಗೆ ಕೇಳಿಸಿದ್ದೇ ಬೇರೆ. ಏಳು ವರ್ಷ ಅವಳು ತುಟಿ ಬಿಚ್ಚಲಿಲ್ಲ. ಕಾದಂಬರಿಯಲ್ಲಿ ಮಾತ್ರ ಅಕ್ಕನ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದಳು. ಬರೆದ ಮೇಲೆ ಅಮ್ಮನ ನೆನಪಾಗಿ, ಅದರ ಕೆಳಗಿನ ಸಾಲಿನಲ್ಲಿ ‘ಹುಷಾರು ಕಣೇ’ಯನ್ನು ಅಮ್ಮ ಹೇಳುತ್ತಿದ್ದಂತೆಯೇ ಇಟ್ಟಳು. ಪುಸ್ತಕ ಬಂದರೆ ಮೊದಲು ಓದುವವಳು ಅಮ್ಮನೇ. ಅಂಗಡಿಯಾಕೆ ತಿದ್ದಿದ್ದನ್ನು ಒಪ್ಪಿಕೊಂಡರೆ ಅಮ್ಮನ ನೆಮ್ಮದಿ ಉಳಿಯುತ್ತದೆ. ಒಪ್ಪದಿದ್ದರೆ ಅಕ್ಕನ ಮಾತು. ಎರಡನ್ನೂ ಉಳಿಸುವ ಸಾಲು ದಾರಿಯುದ್ದಕ್ಕೂ ಹೊಳೆಯಲಿಲ್ಲ.

ಮನೆಯಲ್ಲಿ ಅಮ್ಮ ಹೊಲಿಗೆ ಮಷೀನಿನ ಮುಂದೆ ಕೂತು ಯಾರದೋ ಷರ್ಟಿನ ಕಾಲರು ಹೊಲಿಯುತ್ತಿದ್ದಳು. ಗುಬ್ಬಿ ಚೀಲವನ್ನು ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋದಳು. ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಮಷೀನಿನ ಸದ್ದು ನಿಂತಿತ್ತು. ಚೀಲದಿಂದ ಇಣುಕುತ್ತಿದ್ದ ಹಾಳೆ ಈಗ ಅಮ್ಮನ ಕೈಯಲ್ಲಿತ್ತು.

“ನಿಮ್ಮಕ್ಕನ್ನ ಹಾಕಿದ್ದೀಯ ಇದರಲ್ಲಿ.”

“ಅದು ಕಥೆ ಅಮ್ಮ. ಬೇರೆ ಯಾರೋ ಜನ.”

“ಇಲ್ಲಿ ತಾಯಿ ತುಳಿಯೋ ಮಷೀನು ನಂದೇ ಅಲ್ವಾ?”

ಗುಬ್ಬಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ಟವೆಲು ಇಳಿಸಿದಾಗ ಅಮ್ಮ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ‘ಹೋಗಿ ಬರ್ತೀನಿ’ಯ ಮೇಲೆ ಗೆರೆ ಎಳೆದು, ಪಕ್ಕದ ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ‘ಹೋಗ್ತೀನಿ’ ಎಂದು ಬರೆಯುತ್ತಿದ್ದಳು.

“ನಿಂಗೆ… ಕೇಳಿಸಿತ್ತಾ?”

“ಕಿವಿ ಇದೆಯಲ್ಲ. ಚಿಕ್ಕಂದಿನಿಂದ ನಿಮ್ಮಿಬ್ಬರಿಗೂ ಎಷ್ಟು ಸಲ ಕೂಗಿ ಹೇಳಿಲ್ಲ, ಬರ್ತೀನಿ ಅನ್ರೇ ಅಂತ. ಅವತ್ತು ಕೂಗಲಿಲ್ಲ. ಊರವರ ಬಟ್ಟೆಗೆಲ್ಲ ನಿಂಗೆ ಪುರುಸೊತ್ತಿದೆ, ನನ್ನದೊಂದು ತೋಳು ಹೊಲಿಯೋಕೆ ಇಲ್ಲ ಅಂದಿದ್ದಳಲ್ಲ, ನಂಗೆ ಆ ಸಿಟ್ಟು. ಕೇಳಿಸಲಿಲ್ಲ ಅಂದ್ಕೊಳ್ಳಲಿ ಅಂತ ಮಷೀನು ಇನ್ನೂ ಜೋರಾಗಿ ತುಳಿದೆ.”

ಅಮ್ಮನ ಕಣ್ಣು ಕೆಳಗಿನ ಸಾಲಿಗೆ ಬಂದು ಅಲ್ಲೇ ನಿಂತಿತು. “‘ಹುಷಾರು ಕಣೇ,’ ಎಂದಳು ತಾಯಿ.” ಆ ತುದಿಯಿಂದ ಈ ತುದಿಗೆ ಒತ್ತಿ ಗೆರೆ ಎಳೆದಳು. ಸೀಮೆಸುಣ್ಣ ಮುರಿಯಿತು.

“ಇದನ್ನ ನಾನು ಅಂದಿಲ್ಲ. ನೀನೂ ಇಲ್ಲೇ ಇದ್ದೆ.”

“ಹಾಗೇ ಇರಲಿ ಬಿಡಮ್ಮ. ಯಾರಿಗೆ ಗೊತ್ತಾಗುತ್ತೆ?”

“ಬಂದವರಿಗೆ ಬಾಯಲ್ಲಿ ಹೇಳೋದು ಬೇರೆ ಗುಬ್ಬಿ. ಅಚ್ಚು ಹಾಕಿಸೋದು ಬೇರೆ.” ಅಮ್ಮ ಹಾಳೆಯ ಮೇಲಿನ ನೀಲಿ ಪುಡಿಯನ್ನು ಊದಿ, ಮಗಳ ಕೈಗೆ ಕೊಟ್ಟು, ಮತ್ತೆ ಷರ್ಟಿನ ಮುಂದೆ ಕೂತಳು. ಕಾಲನ್ನು ಪೆಡಲಿನ ಮೇಲಿಟ್ಟಳು. ತುಳಿಯಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಗುಬ್ಬಿ ಒಳಕೋಣೆಯಿಂದ ಫೋನು ಮಾಡಿದಳು. ಒಂದು ಮಾತನ್ನು ಮೊದಲಿದ್ದಂತೆ ಮಾಡಬೇಕು, ಅದರ ಕೆಳಗಿನ ಸಾಲನ್ನು ಪೂರ್ತಿ ತೆಗೆಯಬೇಕು ಎಂದಳು. ಆ ಕಡೆಯಿಂದ ಕೀಲಿಗಳ ಟಕಟಕ ಕೇಳಿಸಿತು, ಆಮೇಲೆ ಒಂದು ನಿಟ್ಟುಸಿರು.

“ತೆಗೆದೆ ಕಣಮ್ಮ. ಆದ್ರೆ ತಾಯಿ ಏನೂ ಅನ್ನಲೇ ಇಲ್ಲ ಅನ್ನೋ ಹಂಗಾಯ್ತಲ್ಲ.”

“ಹೂಂ.”

“ನಿನ್ನಿಷ್ಟ. ಇಲ್ಲೊಂದು ಸಾಲು ಜಾಗ ಖಾಲಿ ಬಿತ್ತು ನೋಡು. ಕೆಳಗಿನದನ್ನ ಮೇಲಕ್ಕೆ ಎಳೆದು ಮುಚ್ಚಿಬಿಡ್ಲಾ?”

ಬಾಗಿಲ ಸಂದಿಯಿಂದ ಅಮ್ಮನ ಬೆನ್ನು ಕಾಣುತ್ತಿತ್ತು. ಮಷೀನಿನ ಸದ್ದು ಇನ್ನೂ ಶುರುವಾಗಿರಲಿಲ್ಲ.

“ಬೇಡ, ಖಾಲಿ ಇರಲಿ,” ಎಂದಳು ಗುಬ್ಬಿ. “ಅದು ಅಮ್ಮನ ಸಾಲು.”