ಇಪ್ಪತ್ತು ಜೋಡಿ ತಂತಿ

“ಡೇರೆ ಎಳೀರಿ, ಮಳಿ ಬಂತು” ಎಂದರು ಇನ್ಸ್‌ಪೆಕ್ಟರ್ ಅಬ್ದುಲ ಗಫೂರ ಸಾಹೇಬರು.

ಕೇಬಲ್ ಜೋಡಿಸುವ ಗುಂಡಿಯೊಳಗೆ ಕುಳಿತಿದ್ದ ವೈಜಿನಾಥ ಕತ್ತೆತ್ತಿ ಮೇಲೆ ನೋಡಿದ. ತಲೆಯ ಮೇಲೆ ದಪ್ಪ ಬಟ್ಟೆ ಬಂದು ಬಿತ್ತು. ಬಿಸಿಲು ಹೋಯಿತು. ಪರೀಕ್ಷೆ ಗೆಲ್ಲಲು ಅವನಿಗೆ ಬೇಕಾಗಿದ್ದುದು ಬಿಸಿಲೊಂದೇ.

ಅವನ ಕಣ್ಣಿಗೆ ಕೆಂಪು ಬೇರೆ, ಹಸಿರು ಬೇರೆ ಎಂದು ಕಾಣುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಹೆಂಡತಿ ಕೇಶರಬಾಯಿಗೆ ಮಾತ್ರ. ಮದುವೆಯಾದ ವರ್ಷ ಭಾತಂಬ್ರಾದ ಹೊಲದಲ್ಲಿ ಹಣ್ಣು ಮೆಣಸಿನಕಾಯಿ ಹರಿಯಲು ಹೇಳಿದರೆ, ಹಸಿಕಾಯಿಯನ್ನೂ ಬುಟ್ಟಿ ತುಂಬ ತಂದಿದ್ದ ಪುಣ್ಯಾತ್ಮ.

ಒಂಬತ್ತು ವರ್ಷದಿಂದ ಟೆಲಿಫೋನ್ ಇಲಾಖೆಯಲ್ಲಿ ದಿನಗೂಲಿ. ಭಾಲ್ಕಿಗೂ ಔರಾದಿಗೂ ಕಂಬ ನೆಟ್ಟಿದ್ದ, ತಂತಿ ಎಳೆದಿದ್ದ. ಕಂಬದ ತಂತಿಗೆ ಬಣ್ಣವಿಲ್ಲ; ಹಾಗಾಗಿ ಗುಟ್ಟು ಉಳಿದಿತ್ತು. ಈಗ ಬೀದರ ಮೈಸೂರು ರಾಜ್ಯಕ್ಕೆ ಸೇರಲು ಐದೇ ದಿನ. ಹೊಸ ಕಚೇರಿಗಳಿಗೆ ನೆಲದೊಳಗಿನ ಕೇಬಲ್ ಬರುತ್ತಿತ್ತು. ಅದನ್ನು ಜೋಡಿಸಲು ಒಬ್ಬ ಕಾಯಂ ಜಾಯಿಂಟರ್ ಬೇಕಾಗಿದ್ದ. ಕೂಲಿಗೆ ದಿನಕ್ಕೆ ಒಂದು ರೂಪಾಯಿ ಆರಾಣೆ, ಮಳೆ ಬಂದರೆ ಅದೂ ಇಲ್ಲ. ಜಾಯಿಂಟರನಿಗೆ ತಿಂಗಳಿಗೆ ಎಂಬತ್ತು, ಮುಂದೆ ಬಡ್ತಿ, ಕೊನೆಗೆ ಪಿಂಚಣಿ. ಮೂವತ್ತು ದಾಟಿದವರು ಈ ಪರೀಕ್ಷೆಗೆ ಕೂಡುವಂತಿರಲಿಲ್ಲ. ವೈಜಿನಾಥನಿಗೆ ಮೂವತ್ತು ತುಂಬಲು ಎರಡು ತಿಂಗಳಿತ್ತು.

ಕೇಬಲಿನೊಳಗೆ ಇಪ್ಪತ್ತು ಜೋಡಿ ತಂತಿ. ಹದಿನೆಂಟಕ್ಕೆ ಬಿಳಿ ಕಾಗದ ಸುತ್ತಿರುತ್ತಾರೆ. ಒಂದಕ್ಕೆ ಕೆಂಪು, ಅದರ ಪಕ್ಕದ್ದಕ್ಕೆ ಹಸಿರು. ಕೆಂಪಿನಿಂದ ಹಸಿರಿನ ಕಡೆಗೆ ಎಣಿಸುತ್ತ, ಈ ತುದಿಯದನ್ನು ಆ ತುದಿಯದಕ್ಕೆ ಕಟ್ಟಬೇಕು. ಕೆಂಪು ತಪ್ಪಿತೋ, ಎಲ್ಲವೂ ತಪ್ಪಿತು. ಕೇಶರಬಾಯಿ ಕಾಗದದ ಚೂರು ಹಿಡಿದು ಬೀದರಿನ ಚಿದ್ರಿ ಬಡಾವಣೆಯ ಮನೆಯಂಗಳದಲ್ಲಿ ಮೂರು ತಿಂಗಳು ಪಾಠ ಮಾಡಿದ್ದಳು. ಬಿಸಿಲಲ್ಲಿ ಕೆಂಪು ಒಂದಿಷ್ಟು ಕಪ್ಪಾಗಿ ಕಾಣುತ್ತಿತ್ತು. ನೆರಳಲ್ಲಿ ಅದೂ ಇಲ್ಲ.

ಗಫೂರ ಸಾಹೇಬರು ಕಂಬ ಹತ್ತಿ ಹತ್ತಿಯೇ ಇನ್ಸ್‌ಪೆಕ್ಟರ್ ಆದವರು. ಅವರದು ಹದ್ದಿನ ಕಣ್ಣು ಎಂದು ಕೂಲಿಗಳೆಲ್ಲ ನಡುಗುತ್ತಿದ್ದರು. ಈ ಹುದ್ದೆಗೆ ಬಂದ ಹನ್ನೊಂದು ಮಂದಿಯನ್ನು ಆಗಲೇ ಫೇಲು ಮಾಡಿದ್ದರು. ಫೇಲಾದವರ ಹೆಸರು ಕೆಂಪು ಶಾಯಿಯಲ್ಲಿ, ಪಾಸಾದವರದು ಹಸಿರಿನಲ್ಲಿ ಬರೆಯುವುದು ಕಚೇರಿಯ ರೂಢಿ. ಹನ್ನೊಂದರಲ್ಲಿ ಐದು ಹೆಸರು ಹಸಿರಿನಲ್ಲಿವೆ ಎಂದು ಜೊತೆಗಾರ ಮಚ್ಛೇಂದ್ರ ಪಟ್ಟಿ ನೋಡಿ ಬಂದು ಹೇಳಿದ್ದ. ಆ ಐವರು ಕೂದಲೆಳೆಯಲ್ಲಿ ತಪ್ಪಿದವರಿರಬೇಕು ಎಂದು ಎಲ್ಲರೂ ಲೆಕ್ಕ ಹಾಕಿದ್ದರು.

“ಯಾಕೋ, ನಾಲಿಗಿ ಎಲ್ಲಿ ಹೋತು? ಬಣ್ಣ ಕೂಗಿ ಹೇಳ್ಕೋತ ಕಟ್ಟು.”

ಇದು ಅವರ ಕಟ್ಟಳೆ. ಬೇರೆ ಯಾವ ಇನ್ಸ್‌ಪೆಕ್ಟರೂ ಹಾಗೆ ಕೂಗಿಸುತ್ತಿರಲಿಲ್ಲ.

ವೈಜಿನಾಥ ಎರಡು ಜೋಡಿಗಳನ್ನೂ ದಿಟ್ಟಿಸಿದ. ಒಂದೇ ಬಣ್ಣ. ಗೊತ್ತಾಗದಿದ್ದರೂ ಗಟ್ಟಿಯಾಗಿ ಹೇಳಿಬಿಡಿ ಎಂದು ಕೇಶರಬಾಯಿ ಬೆಳಿಗ್ಗೆ ಬುತ್ತಿ ಕಟ್ಟುವಾಗ ಹೇಳಿ ಕಳಿಸಿದ್ದಳು. ಅವಳನ್ನು ನೆನೆದು ಒಂದನ್ನು ಹಿಡಿದ.

“ಕೆಂಪು, ಸಾಹೇಬ್ರ.”

ಸಾಹೇಬರು ಬಗ್ಗಿದರು. ಬಹಳ ಹೊತ್ತು ನೋಡಿದರು. ತಪ್ಪಿದ್ದರೂ ತುಟಿ ಬಿಚ್ಚದೆ ಕೊನೆಯವರೆಗೆ ಕಟ್ಟಿಸುತ್ತಾರೆ ಎಂದು ಫೇಲಾದವರೆಲ್ಲ ಶಪಿಸುತ್ತಿದ್ದರು. ವೈಜಿನಾಥ ಇನ್ನೊಂದು ತುದಿಯಲ್ಲೂ ಹಾಗೆಯೇ ಒಂದನ್ನು ಹಿಡಿದು ಕೂಗಿದ. ಮುಂದಿನದೆಲ್ಲ ಎಣಿಕೆ. ಒಂದು ಗಂಟೂ ಸಡಿಲಾಗಲಿಲ್ಲ.

ಇನ್ನು ಗಂಟೆಯ ಪರೀಕ್ಷೆ. ಇನ್ನೂರು ಗಜ ದೂರದಿಂದ ಮಚ್ಛೇಂದ್ರ ಒಂದೊಂದೇ ಜೋಡಿಗೆ ಕರೆ ಕೊಡಬೇಕು. ಸಾಹೇಬರ ಮುಂದಿನ ಪೆಟ್ಟಿಗೆಯಲ್ಲಿ ಅದೇ ಅಂಕಿಯ ಗಂಟೆ ಬಾರಿಸಬೇಕು. ಒಂದು ಬಾರಿಸಿತು. ಎರಡು ಬಾರಿಸಿತು. ಇಪ್ಪತ್ತೂ ಸಾಲಾಗಿ ಬಾರಿಸಿದವು.

“ಪಾಸ್” ಎಂದರು ಸಾಹೇಬರು.

ಅವನಿಗೆ ಅಳು ಬಂತು. ಕಾಯಂ ನೌಕರ! ಮರುಗಳಿಗೆಯೇ ಹೆದರಿಕೆಯೂ ಆಯಿತು. ನಾಳೆ ಮತ್ತೆ ಮೋಡ ಕವಿದರೆ? ಪರವಾಗಿಲ್ಲ, ತಾನು ತಪ್ಪಿದರೆ ಹಿಡಿಯಲು ಮೇಲೆ ಗಫೂರ ಸಾಹೇಬರಿದ್ದಾರೆ ಎಂದು ಸಮಾಧಾನ ಮಾಡಿಕೊಂಡ.

ಸಾಹೇಬರು ಉಳಿದ ಆಳುಗಳನ್ನು ಚಹಾಕ್ಕೆ ಕಳಿಸಿದರು. ಡೇರೆಯ ಬಾಗಿಲು ಎಳೆದುಕೊಂಡರು. ರಿಜಿಸ್ಟರ್ ಬಿಚ್ಚಿ, ಎರಡು ಶಾಯಿ ದೌತಿಗಳನ್ನು ವೈಜಿನಾಥನ ಮುಂದಿಟ್ಟು, ದನಿ ತಗ್ಗಿಸಿದರು.

“ಇದರಾಗ ಹಸಿರು ಯಾವುದು ತೋರಸಪ್ಪಾ. ನನಗ ಹುಟ್ಟಿದಾಗಿಂದ ಎರಡೂ ಒಂದೇ ಕಾಣ್ತಾವ. ಇನ್ನ ಮುಂದ ನನ್ನ ಕಣ್ಣು ನೀನೇ.”